ಉಬ್ಬರ ಬರುವ ಮೊದಲು ಅಜ್ಜಿಯ ಊಟ

ಪ್ರವಾಸಕ್ಕೆ ಹೊರಟರೆ ಅಡುಗೆಯವನನ್ನೂ ಒಲೆಯನ್ನೂ ಬಸ್ಸಿಗೆ ಹಾಕಿಕೊಂಡೇ ಹೋಗುವುದು ಅಹಮದಾಬಾದಿನವರ ಪದ್ಧತಿ. ಬಸ್ಸು ಎಲ್ಲಿ ನಿಂತರೆ ಅಲ್ಲಿ ನಾನು ಒಲೆ ಹಚ್ಚಬೇಕು. ನನ್ನ ಊರು ಕುಂದಾಪುರದ ಕಡೆ. ಶಾಲೆ ಬಿಟ್ಟದ್ದು ಏಳನೆಯ ತರಗತಿಗೆ. ಆದರೆ ನನ್ನ ಊಟ ತಡವಾಯಿತು ಎಂದು ಇಲ್ಲಿಯವರೆಗೆ ಒಬ್ಬರೂ ಹೇಳಿಲ್ಲ. ಹೇಳಿಸಿಕೊಳ್ಳುವ ಜಾಯಮಾನವೂ ನನ್ನದಲ್ಲ. ಇಲ್ಲಿ ಅಡುಗೆಯವನನ್ನು ಮಹಾರಾಜ್ ಎಂದು ಕರೆಯುತ್ತಾರೆ. ಹೆಸರು ಯಾರಿಗೂ ಬೇಕಾಗುವುದಿಲ್ಲ.

ಆ ಸಲ ಹೊರಟದ್ದು ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯವರು. ದ್ವಾರಕೆ ನೋಡಿ, ಓಖಾದಲ್ಲಿ ಬೋಟು ಹತ್ತಿ, ಬೇಟ್ ದ್ವಾರಕಾ ದ್ವೀಪದ ಸುತ್ತ ಡಾಲ್ಫಿನ್ ನೋಡಿಕೊಂಡು, ದ್ವೀಪದ ಆಚೆ ತುದಿಯ ಮರಳಿನಲ್ಲಿ ಸಂಜೆಯ ಊಟ ಮಾಡುವುದೆಂದು ನಿಗದಿಯಾಗಿತ್ತು. ಆ ತುದಿಗೆ ಬಸ್ಸು ಹೋಗುವುದಿಲ್ಲ. ಹಾಗಾಗಿ ಒಂದು ಒಲೆ, ಚಿಕ್ಕ ಸಿಲಿಂಡರು, ಕುಕ್ಕರು, ದಿನಸಿ ಎಲ್ಲವೂ ನಮ್ಮೊಂದಿಗೆ ಬೋಟಿನಲ್ಲೇ ಇದ್ದವು. ನನ್ನ ಜೊತೆಗೆ ಹೆಂಡತಿ. ಅವಳಿಲ್ಲದೆ ನಾನು ಯಾವ ಟೂರನ್ನೂ ಒಪ್ಪಿಕೊಳ್ಳುವುದಿಲ್ಲ.

ಗುಂಪಿನಲ್ಲಿ ಜೈನರೇ ಹೆಚ್ಚು. ಅವರ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು. ಅದು ನಮಗೆ ರೂಢಿ. ರೂಢಿಯಿಲ್ಲದ ಜವಾಬ್ದಾರಿ ಎಂದರೆ ಒಬ್ಬ ಅಜ್ಜಿ. ಎಲ್ಲರೂ ಅವರನ್ನು ಬಾ ಎನ್ನುತ್ತಿದ್ದರು. ಗುಜರಾತಿಯಲ್ಲಿ ಹಾಗೆಂದರೆ ತಾಯಿ. ಅವರು ವರ್ಷವಿಡೀ ನಡೆಯುವ ಒಂದು ತಪ ಹಿಡಿದಿದ್ದರು. ಒಂದು ದಿನ ನೀರೂ ಇಲ್ಲದೆ ಪೂರ್ತಿ ಉಪವಾಸ, ಮರುದಿನ ಎರಡೇ ಸಲ ಕೂತು ಊಟ. ಕೂತ ಮೇಲೆ ಉಂಡು, ನೀರು ಕುಡಿದು ಏಳಬೇಕು. ಎದ್ದರೆ ಆ ಊಟ ಮುಗಿಯಿತು. ಕುಡಿಯುವುದು ಕುದಿಸಿ ಆರಿಸಿದ ನೀರು ಮಾತ್ರ. ಸೂರ್ಯ ಮುಳುಗಿದ ಮೇಲೆ ಅದೂ ಇಲ್ಲ. ಅಕ್ಷಯ ತದಿಗೆಯ ದಿನ ಕಬ್ಬಿನ ಹಾಲು ಕುಡಿದು ತಪ ಮುಗಿಸುವುದು. ಅದಕ್ಕೆ ಇನ್ನು ಕೆಲವೇ ವಾರಗಳಿದ್ದವು.

ಬೋಟು ಹತ್ತಿದ ದಿನ ಅಜ್ಜಿಯ ಊಟದ ದಿನ. ಆದರೆ ಬೆಳಿಗ್ಗೆ ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ತೊಳಸಿ, ಹೆಸರುಬೇಳೆಯ ತಿಳಿ ನೀರು ನಾಲ್ಕು ಗುಟುಕು ಕುಡಿದು ಎದ್ದುಬಿಟ್ಟಿದ್ದರು. ಉಳಿದದ್ದು ಸಂಜೆಯದೊಂದೇ ಊಟ. ನಾಳೆ ಮತ್ತೆ ಉಪವಾಸ.

ಅವರ ಮಗ ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲು ನಡೆಸುವವರು. ಐವತ್ತರ ಮೇಲಿನ ವಯಸ್ಸು, ತಾಯಿಯ ಜೊತೆಗೆಂದೇ ಬಂದಿದ್ದರು. ಬೋಟು ಹತ್ತುವಾಗಲೇ ನನ್ನ ಭುಜ ಹಿಡಿದು ಹೇಳಿದರು: "ಮಹಾರಾಜ್, ಉಳಿದವರಿಗೆ ಊಟ ಇಲ್ಲದಿದ್ದರೂ ನಡೆಯುತ್ತದೆ. ಬಾ ಉಣ್ಣಬೇಕು. ಕಳೆದ ತಿಂಗಳು ಬಚ್ಚಲಿನಲ್ಲಿ ಬಿದ್ದಿದ್ದರು. ಇನ್ನೊಂದು ಸಲ ಬಿದ್ದು ಆಸ್ಪತ್ರೆಯವರು ಗ್ಲೂಕೋಸ್ ಹಾಕಿದರೆ ತಪವೂ ಹೋಯಿತು, ಅವರೂ ಹೋದರು."

"ನಾನಿದ್ದೇನೆ ಭಾಯಿ," ಎಂದೆ. ಹಾಗೆ ಹೇಳುವುದು ನನ್ನ ಅಭ್ಯಾಸ.

ಬೋಟು ಹೊರಡುವುದೇ ತಡವಾಯಿತು. ದ್ವಾರಕೆಯ ಅಂಗಡಿಗಳಲ್ಲಿ ಶಂಖ ಕೊಳ್ಳುವವರು ಬಸ್ಸಿಗೆ ಒಬ್ಬೊಬ್ಬರಾಗಿ ಬಂದರು. ಬೋಟಿನ ಯಜಮಾನನನ್ನು ಅಲ್ಲಿಯೂ ತಂಡೇಲ ಎನ್ನುತ್ತಾರೆ, ನಮ್ಮ ಕಡೆಯ ಹಾಗೆಯೇ. ಆ ಶಬ್ದ ಕೇಳಿ ನನಗೆ ಖುಷಿಯಾಗಿತ್ತು. ಅವನಿಗೆ ಖುಷಿ ಇರಲಿಲ್ಲ. ರಂಜಾನಿನ ಉಪವಾಸದಲ್ಲಿದ್ದ, ಬಿಸಿಲಿಗೆ ಕಾದು ಕಾದು ಮುಖ ಗಂಟಿಕ್ಕಿಕೊಂಡಿದ್ದ. "ಇಳಿತ ಶುರುವಾಗಿದೆ. ಒಂದೇ ಸುತ್ತು. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಲೈಫ್ ಜಾಕೆಟ್ಟು ಹಾಕದವರನ್ನು ಬೈದು ಎಂಜಿನ್ ಶುರು ಮಾಡಿದ.

ತುಂಬ ಹೊತ್ತು ಏನೂ ಕಾಣಲಿಲ್ಲ. ದ್ವೀಪಕ್ಕೆ ಹೋಗುವ ಸೇತುವೆ ಹಿಂದೆ ಸರಿಯಿತು, ಅಲ್ಲಿನ ದೇವಸ್ಥಾನಗಳು ಸರಿದವು. ಮೊಬೈಲು ಹಿಡಿದ ಕೈಗಳು ಸೋತು ಕೆಳಗಿಳಿದವು. ಆಮೇಲೆ ಒಂದು ಮರಳದಿಬ್ಬದ ಅಂಚಿನಲ್ಲಿ ನೀರಿನ ಬಣ್ಣ ಬದಲಾದ ಕಡೆ ತಂಡೇಲ ಎಂಜಿನ್ ತಗ್ಗಿಸಿ ಕೈ ತೋರಿಸಿದ. ಬೂದು ಬಣ್ಣದ ಬೆನ್ನೊಂದು ಮೇಲೆ ಬಂದು ನಿಧಾನವಾಗಿ ಮಗುಚಿ ಒಳಗೆ ಹೋಯಿತು. ಚಿತ್ರದಲ್ಲಿ ತೋರಿಸುವ ಹಾಗೆ ಹಾರುವುದಿಲ್ಲ ಇವು. ಬೆನ್ನ ಮೇಲೊಂದು ಡುಬ್ಬ, ಅದರ ಮೇಲೆ ಚಿಕ್ಕ ರೆಕ್ಕೆ. ಇಳಿತದ ನೀರಿನ ಜೊತೆ ಮೀನು ಕೆಳಗೆ ಜಾರುವಾಗ ದಿಬ್ಬದ ಬುಡದಲ್ಲಿ ಕಾದು ಹಿಡಿಯುತ್ತವಂತೆ.

ಬೋಟಿನ ತುಂಬ ಕೂಗು. ಅಜ್ಜಿ ಮಾತ್ರ ಆಚೆ ಬದಿಯಲ್ಲಿ ಕೂತು, "ಎಲ್ಲಿ? ಎಲ್ಲಿ?" ಎಂದು ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು.

"ಬಾ ನೋಡಿಲ್ಲ. ಇನ್ನೊಂದು ಸಲ ತಿರುಗಿಸು," ಎಂದರು ಮಗ.

"ನೀರಿಲ್ಲ ಸೇಠ್."

"ಇಷ್ಟೊಂದು ಸಮುದ್ರ ಇದೆ, ನೀರಿಲ್ಲ ಅಂತೀಯಲ್ಲೋ!"

ಎಲ್ಲರೂ ನಕ್ಕರು. ತಂಡೇಲ ನಗಲಿಲ್ಲ. ಆದರೆ ಅಜ್ಜಿಯ ಮುಖ ನೋಡಿ ಬೋಟು ತಿರುಗಿಸಿದ. ದಿಬ್ಬಕ್ಕೆ ಇನ್ನೂ ಹತ್ತಿರ. ಈ ಸಲ ಡಾಲ್ಫಿನ್ ಅಜ್ಜಿಯ ಎದುರಿಗೇ ಎದ್ದು, ಫುಸ್ ಎಂದು ಗಾಳಿ ಬಿಟ್ಟಿತು. "ಅರೇ, ನಮ್ಮ ಹಾಗೆ ಉಸಿರಾಡುತ್ತದೆ!" ಎಂದು ಅಜ್ಜಿ ಕೈಮುಗಿದರು. ಅವರ ಕೈ ಇಳಿಯುವ ಮೊದಲೇ ಬೋಟಿನ ಹೊಟ್ಟೆ ಕರಕರ ಎಂದಿತು. ತಂಡೇಲ ಎಂಜಿನ್ ಹಿಂದಕ್ಕೆ ಹಾಕಿದ. ಕೆಸರು ಎದ್ದು ಬಂತೇ ಹೊರತು ಬೋಟು ಅಲ್ಲಾಡಲಿಲ್ಲ.

ಮರಳಿಗೆ ಕೂತ ಬೋಟು ನೀರು ಇಳಿದ ಹಾಗೆ ಒಂದು ಮಗ್ಗುಲಿಗೆ ವಾಲುತ್ತದೆ. ತಂಡೇಲನೂ ಅವನ ಇಬ್ಬರು ಖಲಾಸಿಗಳೂ ಮರದ ಕಂಬ ಕೊಟ್ಟು ನಿಲ್ಲಿಸಿದರು, ಆದರೂ ಹಲಗೆಯ ಮೇಲೆ ಲೋಟ ನಿಲ್ಲದಷ್ಟು ವಾಲಿತು. ಜನ ಮೇಲಿನ ಬದಿ ಹಿಡಿದು ಕೂತರು. ನೋಡುತ್ತಿದ್ದ ಹಾಗೆ ಪಕ್ಕದ ದಿಬ್ಬ ನೀರಿನಿಂದ ಮೇಲೆದ್ದು ಒಣಗತೊಡಗಿತು. ತಂಡೇಲ ಕೈ ಮುಂದೆ ಚಾಚಿ ಸೂರ್ಯನಿಂದ ಸಮುದ್ರದವರೆಗೆ ಬೆರಳಿನಲ್ಲಿ ಹೊತ್ತು ಅಳೆದ. "ಉಬ್ಬರ ಬಂದು ಬೋಟು ಏಳುವಾಗ ಸೂರ್ಯ ನೀರಿಗೆ ತಾಗುತ್ತಾನೆ. ಅಲ್ಲಿಯವರೆಗೆ ಇಲ್ಲೇ."

ಅಲ್ಲಿಗೆ ದ್ವೀಪದ ಮರಳಿನಲ್ಲಿ ಊಟ ಎಂಬ ಮಾತು ಮುಗಿಯಿತು. ಫೋನು ಮಾಡಿ ಬೇರೆ ಬೋಟು ಕರೆದರೂ ಅದೂ ದೂರದಲ್ಲೇ ನಿಲ್ಲಬೇಕು. ದಿಬ್ಬದಿಂದ ದ್ವೀಪದವರೆಗೆ ಇದ್ದದ್ದು ಕೆಸರು. ಖಲಾಸಿ ಒಬ್ಬ ಇಳಿದು ನೋಡಿ, ತೊಡೆಯವರೆಗೆ ಹೂತು ವಾಪಸು ಬಂದ.

ಉಳಿದವರು ಚೀಲ ಬಿಚ್ಚಿ ಮೆಂತ್ಯದ ರೊಟ್ಟಿ ಥೇಪ್ಲಾ ತಿನ್ನತೊಡಗಿದರು. ಅಜ್ಜಿಗೆ ಹಲ್ಲಿಲ್ಲ, ಥೇಪ್ಲಾ, ಹಪ್ಪಳದಂಥ ಖಾಖ್ರಾ ಆಗದು. ನೀರಾದರೂ ಸರಿಯಾಗಿ ಇದೆಯೇ ಎಂದು ನಾನು ಅವರ ಸ್ಟೀಲ್ ಕ್ಯಾನು ನೋಡಲು ಹೋದೆ. ಹೆಂಡತಿ ಆಗಲೇ ಅದರ ಮುಚ್ಚಳ ತೆಗೆದು ನಿಂತಿದ್ದಳು.

"ಹ್ವಾಯ್, ಇಲ್ ಕಾಣಿ. ನಾನ್ ಬೆಳಿಗ್ಗೆ ಕಾಂಬತಿಗೆ ಅರ್ಧ ಇದ್ದಿತ್. ಈಗ ಬಾಯಿ ತನ್ಕ ತುಂಬಿತ್ತ್."

ನಾನು ಬಗ್ಗಿ ನೋಡಿದೆ. "ಯಾರ್ ಹಾಕದ್ದ್?"

ಪಕ್ಕದಲ್ಲಿ ಕೂತಿದ್ದವರು ಧಾರವಾಡದ ಕಡೆಯ ಬ್ಯಾಂಕ್ ಅಧಿಕಾರಿ. ವರ್ಗವಾಗಿ ಬಂದು ಅದೇ ಸೊಸೈಟಿಯಲ್ಲಿದ್ದವರು, ಈ ಕಡೆಗೆ ಹೊಸಬರು. ನಮ್ಮ ಕನ್ನಡ ಕೇಳಿ ತಿರುಗಿದರು. "ನಾನs ಹಾಕೀನ್ರೀ. ಬಿಸಿಲು ಭಾಳ ಐತಿ, ಅಜ್ಜಿಗೆ ನೀರು ಕಡಿಮಿ ಬಿದ್ದೀತಂತ. ಯಾಕ್ರೀ? ಸೀಲ್ ಒಡದ ಬಾಟ್ಲಿ ನೀರs ಅದು, ಗಟಾರದ್ದಲ್ಲ."

"ಸರ್, ಕುದಿಸಿದ ನೀರಿಗೆ ಒಂದು ಹನಿ ಹಸಿ ನೀರು ಬಿದ್ದರೂ ಅಷ್ಟೂ ಹಸಿ ನೀರೇ. ಅವರು ಕುಡಿಯುವುದಿಲ್ಲ."

ಅವರ ಮುಖ ಸಣ್ಣದಾಯಿತು. "ಅಯ್ಯೋ ಶಿವನೆ... ನನಗ ಗೊತ್ತಿಲ್ರೀ."

ಗೊತ್ತಿರಬೇಕಾಗಿಯೂ ಇರಲಿಲ್ಲ. ನಮ್ಮೂರುಗಳಲ್ಲಿ ವಯಸ್ಸಾದವರ ಚೊಂಬು ಬರಿದಾದರೆ ತುಂಬಿಸಿಡುವುದೇ ಮರ್ಯಾದೆ. ಮಾತು ಅರ್ಥವಾಗದಿದ್ದರೂ ಮಗನಿಗೆ ನಮ್ಮ ಮುಖ ನೋಡಿಯೇ ವಿಷಯ ತಿಳಿಯಿತು. ಹತ್ತಿರ ಬಂದು ಕೇಳಿಕೊಂಡರು. ಬೆನ್ನು ತಾಯಿಯ ಕಡೆಗೆ ಮಾಡಿ ಮೆಲ್ಲಗೆ ಹೇಳಿದರು: "ಬಾಗೆ ಹೇಳಬೇಡ. ಅದನ್ನೇ ಕೊಡು."

"ಭಾಯಿ..."

"ನೋಡಿದರೆ ಗೊತ್ತಾಗುತ್ತದಾ? ರುಚಿ ಬೇರೆಯಾ? ಪಾಪ ಬಂದರೆ ನನಗೆ ಬರಲಿ. ನನಗೆ ತಾಯಿ ಬೇಕು."

ಅವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ. ಅಜ್ಜಿ ಕಂಬಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದರು, ತುಟಿ ಬಿಳಿಚಿತ್ತು. ಕೊಟ್ಟರೆ ಕುಡಿಯುತ್ತಿದ್ದರು, ಯಾಕೆಂದರೆ ಕೊಡುವವನು ನಾನು. ಮಹಾರಾಜ್ ಕೊಟ್ಟ ನೀರು ಎಂದರೆ ಅವರು ಮತ್ತೆ ಕೇಳುವುದಿಲ್ಲ.

"ಕೊಡುವ ಕೈ ನನ್ನದು ಭಾಯಿ. ಆಗುವುದಿಲ್ಲ," ಎಂದೆ.

"ಮತ್ತೇನು ಮಾಡುತ್ತೀ?"

ಬಾಟ್ಲಿ ನೀರು ಬೇಕಾದಷ್ಟಿತ್ತು; ಕುದಿಸಿದರೆ ಸಾಕು. ತಂಡೇಲನ ಹತ್ತಿರ ಹೋಗಿ ಒಲೆ ಹಚ್ಚುತ್ತೇನೆ ಎಂದೆ. ಅವನು ಎದ್ದೇಬಿಟ್ಟ.

"ಕೆಳಗೆ ಡೀಸೆಲ್, ಮೇಲೆ ಇಷ್ಟು ಜನ, ಬೋಟು ವಾಲಿದೆ. ನನ್ನ ಬೋಟಿನಲ್ಲಿ ಕಡ್ಡಿ ಗೀರಿದರೆ ನಿನ್ನನ್ನೂ ಒಲೆಯನ್ನೂ ನೀರಿಗೆ ಹಾಕುತ್ತೇನೆ."

ಅವನ ಮಾತು ಸರಿಯಿತ್ತು. ನಾನು ದಿಬ್ಬದ ಕಡೆ ನೋಡಿದೆ. ನೆತ್ತಿಯ ಮೇಲೆ ಹಗ್ಗದ ಮಂಚದಷ್ಟು ಜಾಗ ಒಣಗಿ ಬೆಳ್ಳಗಾಗಿತ್ತು.

"ಬೋಟಿನಲ್ಲಿ ಬೇಡ. ಅಲ್ಲಿ?"

ಅವನು ದಿಬ್ಬ ನೋಡಿದ, ಸೂರ್ಯನನ್ನು ನೋಡಿದ. "ಅದು ಹೊರಗಿರುವುದು ಸ್ವಲ್ಪ ಹೊತ್ತು. ನೀರು ತಿರುಗಿದರೆ ಓಡಿ ಬರುತ್ತದೆ. ನಾನು ಕರೆದ ಕೂಡಲೇ ಎಲ್ಲ ಬಿಟ್ಟು ಬರಬೇಕು."

"ಬರುತ್ತೇನೆ," ಎಂದೆ. ಅಜ್ಜಿ ಊಟಕ್ಕೆ ಕೂತ ಮೇಲೆ ನಡುವೆ ಏಳುವುದಿಲ್ಲ ಎಂಬುದನ್ನು ಆಗ ಅವನಿಗೆ ಹೇಳಲಿಲ್ಲ.

ಏಣಿ ಇಳಿಸಿ ಸಾಮಾನು ಸಾಗಿಸಿದೆವು. ಬಿರುಸಾದ ಗಾಳಿ. ಒಲೆಯನ್ನು ಮರಳಿನ ಮೇಲಿಟ್ಟರೆ ಕಾಲು ಹೂಳುತ್ತಿತ್ತು, ಜ್ವಾಲೆ ಪಾತ್ರೆಯ ಹೊರಗೆ ಹಾರುತ್ತಿತ್ತು. ಎರಡು ಸಲ ಆರಿತು. ಬ್ಯಾಂಕ್ ಅಧಿಕಾರಿ ಪ್ಯಾಂಟು ಮಡಿಸಿಕೊಂಡು ಇಳಿದು ಬಂದು ಗಾಳಿಗೆ ಬೆನ್ನು ಕೊಟ್ಟು ನಿಂತರು. "ನನ್ನ ಹೊಟ್ಟಿ ಇವತ್ತರೆ ಉಪಯೋಗಕ್ಕ ಬರ್ಲಿ," ಎಂದರು. ಅದೂ ಸಾಲಲಿಲ್ಲ. ಅಷ್ಟರಲ್ಲಿ ತಂಡೇಲನೇ ಕಾಲಡಿಯ ಎರಡು ಹಲಗೆ ಕಿತ್ತು ತಂದ. ಒಂದನ್ನು ಒಲೆಯ ಕೆಳಗೆ ಹಾಕಿ, ಇನ್ನೊಂದನ್ನು ಗಾಳಿಗೆ ಅಡ್ಡ ಹೂಳಿದ. "ಬಾ ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರಿಗಾಗಿಯೇ ಬೋಟು ತಿರುಗಿಸಿದ್ದು," ಎಂದು ಗೊಣಗಿ ಹೋದ.

ಇದ್ದದ್ದು ಒಂದೇ ಬರ್ನರ್. ಮೊದಲು ನೀರೋ, ಅನ್ನವೋ? ನೀರು ಕುದಿದ ಮೇಲೆ ಆರಬೇಕು, ಅದಕ್ಕೆ ಹೊತ್ತು ಬೇಕು. ನೀರನ್ನೇ ಮೊದಲಿಟ್ಟೆ. ತೆಳುವಾದ ಅಗಲ ಪಾತ್ರೆ, ಮೇಲೆ ಮುಚ್ಚಳ. ಗುಳ್ಳೆ ಬಂತು ಎಂದು ಇಳಿಸುವ ಹಾಗಿಲ್ಲ. ಉಕ್ಕಿ ಉಕ್ಕಿ ಕುದಿಯಬೇಕು. ಆ ಹೊತ್ತಿನಲ್ಲಿ ಹೆಂಡತಿ ಅಕ್ಕಿ, ಹೆಸರುಬೇಳೆ ತೊಳೆದಳು. ನೀರು ಇಳಿಸಿ, ಅಕ್ಕಿ, ಬೇಳೆ, ಅರಿಶಿನ, ತುಪ್ಪ ಕುಕ್ಕರಿಗೆ ಹಾಕಿ ಮುಚ್ಚಳ ತಿರುಗಿಸಿದೆ. ಹಲ್ಲಿಲ್ಲದವರಿಗೆ ನುಣ್ಣಗೆ ಬೇಯಬೇಕು.

ಕುದಿದ ನೀರನ್ನು ಆರಿಸಲು ಉಡುಪಿ ಹೋಟೆಲಿನಲ್ಲಿ ಕಾಫಿ ಆರಿಸುವ ಹಾಗೆ ಎರಡು ಪಾತ್ರೆಗಳಲ್ಲಿ ಎತ್ತಿ ಎತ್ತಿ ಸುರಿಯತೊಡಗಿದೆ. ಗಾಳಿಗೆ ಧಾರೆ ವಾಲಿ ಬಿಸಿನೀರು ಮೊಣಕೈಗೆ ಚಿಮ್ಮಿತು. ಹೆಗಲ ಮೇಲಿನ ಬೈರಾಸು ಕೈಗೆ ಸುತ್ತಿಕೊಂಡು ಮತ್ತೆ ಸುರಿದೆ, ಈ ಸಲ ಎತ್ತರ ಕಡಿಮೆ ಮಾಡಿ. ಅರ್ಧದಷ್ಟು ಗಾಳಿಯ ಪಾಲಾದರೆ ಅಜ್ಜಿಗೆ ನಾಡಿದ್ದಿನವರೆಗೆ ಏನು ಗತಿ? ಒಂದೊಂದು ಹನಿಯೂ ಕಣ್ಣಿಗೆ ಕಾಣುತ್ತಿತ್ತು.

ಕುಕ್ಕರು ಕೂಗಲೇ ಇಲ್ಲ. ಜ್ವಾಲೆ ಹಲಗೆಯ ಸಂದಿಯಿಂದ ಬಂದ ಗಾಳಿಗೆ ಸಣ್ಣಗಾಗಿತ್ತು. ಮಗ ಬೋಟಿನಿಂದಲೇ "ಆಯಿತಾ? ಆಯಿತಾ?" ಎನ್ನುತ್ತಿದ್ದರು. ಆಮೇಲೆ ಇಳಿದು ಬಂದು ನನ್ನ ಮುಖದ ಎದುರು ಬೆರಳು ತೋರಿಸಿದರು. "ನನ್ನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಬಾ ನೀರಾದರೂ ಕುಡಿದಿರುತ್ತಿದ್ದರು. ನಿನ್ನ ಹಟಕ್ಕೆ ನನ್ನ ತಾಯಿ!"

ನಾನೂ ತಿರುಗಿ ಬೈಯಲು ಬಾಯಿ ತೆರೆದೆ. ಹೆಂಡತಿ ನಡುವೆ ನಿಂತಳು. "ನೀವ್ ಒಲೆ ಕಾಣಿ. ಮಂಡೆ ಬಿಸಿ ಮಾಡ್ಕಣ್ಬೇಡಿ," ಎಂದು ನನಗೆ ಹೇಳಿ, ಅವಳಿಗೆ ಬರುವ ಗುಜರಾತಿಯಲ್ಲಿ ಮಗನಿಗೆ, "ಭಾಯಿ, ಬೈಯುವುದಾದರೆ ಈ ಕಡೆ ನಿಂತು ಬೈಯಿರಿ. ಗಾಳಿ ತಡೆಯುತ್ತದೆ," ಎಂದಳು. ಅವರು ಅವಳನ್ನೇ ನೋಡಿದರು. ಆಮೇಲೆ ನಿಜವಾಗಿಯೂ ಸರಿದು ಬ್ಯಾಂಕ್ ಅಧಿಕಾರಿಯ ಪಕ್ಕ ಬೆನ್ನು ಕೊಟ್ಟು ಕುಕ್ಕರಿನ ಹತ್ತಿರ ಬಗ್ಗಿ ನಿಂತರು.

ಕುಕ್ಕರು ಕೂಗಿತು.

ಅಜ್ಜಿಯನ್ನು ಖಲಾಸಿಗಳು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ನೀರಿನ ವಿಷಯವನ್ನು ನಾನೇ ಹೇಳಿದೆ: ಕ್ಯಾನಿಗೆ ಹಸಿ ನೀರು ಸೇರಿತ್ತು, ಇದು ಈಗ ಕುದಿಸಿದ್ದು. ಅಜ್ಜಿ ತಲೆಯಾಡಿಸಿದರು. ಕೂರುವ ಜಾಗ ತೋರಿಸಿದರೆ ಕೂರಲಿಲ್ಲ. ಮರಳಿನಲ್ಲಿ ಸಾಸಿವೆಯಷ್ಟು ಏಡಿಗಳು ಓಡುತ್ತಿದ್ದವು. "ಇವುಗಳನ್ನು ಮೊದಲು ಕಳಿಸು ಬೇಟಾ," ಎಂದರು. ಹೆಂಡತಿ ಸೆರಗಿನ ತುದಿಯಿಂದ ಒಂದೊಂದನ್ನೇ ಸರಿಸಿದಳು. ನನಗೆ ಆ ಏಡಿಗಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೂರ್ಯ ಕೆಂಪಾಗಿದ್ದ. ಬೋಟಿನ ಬುಡದಲ್ಲಿ ನೀರು ತಿರುಗಿತ್ತು.

ಚಾಪೆ ಹಾಸಿದ ಮೇಲೆ ಅಜ್ಜಿ ಕೂತರು. ಖಿಚಡಿ ಬಡಿಸಿದೆ. ಬಿಸಿ. ಗಾಳಿಯಲ್ಲಿನ ಜೀವಕ್ಕೆ ಹಿಂಸೆಯೆಂದು ಊದಿ ಉಣ್ಣುವವರಲ್ಲ ಅವರು. ತಟ್ಟೆಯಲ್ಲಿ ತೆಳುವಾಗಿ ಹರಡಿ, ಬೆರಳಿನಿಂದ ಅಂಚು ಅಂಚನ್ನೇ ಎತ್ತಿ ಬಾಯಿಗಿಟ್ಟರು. ಬಾಯಿಗಿಟ್ಟು ಒಂದು ಕ್ಷಣ ನನ್ನ ಕಡೆ ನೋಡಿ ಮತ್ತೆ ತಲೆ ತಗ್ಗಿಸಿದರು. ಒಂದೊಂದು ತುತ್ತಿಗೂ ಎಷ್ಟು ಹೊತ್ತು!

"ಬೋಟು ಎದ್ದಿತು!" ತಂಡೇಲ ಕೂಗಿದ. "ಬನ್ನಿ, ಬನ್ನಿ!"

ವಾಲಿದ್ದ ಬೋಟು ನೆಟ್ಟಗಾಗುತ್ತಿತ್ತು. ನಮ್ಮ ಮತ್ತು ಬೋಟಿನ ನಡುವೆ ಪಾದ ಮುಳುಗುವಷ್ಟು ನೀರು.

"ಈಗ ಎಬ್ಬಿಸುವ ಹಾಗಿಲ್ಲ," ಎಂದೆ.

"ಏನು ಎಬ್ಬಿಸುವ ಹಾಗಿಲ್ಲ?"

"ಎದ್ದರೆ ಊಟ ಮುಗಿಯಿತು. ಇನ್ನೂ ಅರ್ಧವೂ ಉಂಡಿಲ್ಲ."

ಅವನು ಯಾವ ಭಾಷೆಯಲ್ಲಿ ಬೈದನೋ ನನಗೆ ತಿಳಿಯಲಿಲ್ಲ. ಗಾಳಿ ಬೋಟನ್ನು ಮತ್ತೆ ದಿಬ್ಬಕ್ಕೆ ತಳ್ಳುತ್ತಿತ್ತು. ತಳ್ಳಿದಷ್ಟೂ ಹಿಂದೆ ಬರುವುದು ಕಷ್ಟ. ಖಲಾಸಿಗಳು ಎರಡು ಗಳ ಊರಿ ತಡೆದು ಹಿಡಿದರು. ಬೋಟಿನವರೆಲ್ಲ "ಬಾ, ಬೇಗ!" ಎನ್ನತೊಡಗಿದರು. ಅಜ್ಜಿ ಯಾರ ಮಾತೂ ಕೇಳಿಸದವರ ಹಾಗೆ ಉಣ್ಣುತ್ತಿದ್ದರು. ನೀರು ಒಲೆಯ ಹಲಗೆಗೆ ಬಂತು. ಹೆಂಡತಿ ಒಲೆ, ಸಿಲಿಂಡರು ಸಾಗಿಸಿದಳು. ಬ್ಯಾಂಕ್ ಅಧಿಕಾರಿ ಅಜ್ಜಿಯ ಎದುರು ಮಂಡಿಯೂರಿ ಎರಡೂ ಕೈಯಿಂದ ಮರಳು ಬಾಚಿ ಒಡ್ಡು ಕಟ್ಟತೊಡಗಿದರು. ಮಗನೂ ಕೂತರು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಕುಸಿಯಿತು.

ತಟ್ಟೆ ಬರಿದಾಯಿತು. ಅಬ್ಬಾ ಎಂದುಕೊಂಡೆ. ಅಜ್ಜಿ ನೀರು ಕುಡಿದರು. ಒಂದು ಲೋಟ, ಇನ್ನೊಂದು ಲೋಟ. ಆಮೇಲೆ ಮತ್ತೆ ಕೈ ಚಾಚಿದರು. ಕೊಟ್ಟ ನೀರನ್ನು ತಟ್ಟೆಗೆ ಸುರಿದು, ಬೆರಳಿನಿಂದ ಅಂಚೆಲ್ಲ ಉಜ್ಜಿ, ಆ ನೀರನ್ನೂ ಕುಡಿದರು. ಅಗುಳು ಉಳಿದರೆ ಅದರಲ್ಲಿ ಜೀವ ಹುಟ್ಟುತ್ತದೆ, ಬಿಡುವ ಹಾಗಿಲ್ಲ. ಮತ್ತೊಮ್ಮೆ ತೊಳೆದು ಕುಡಿದರು. ಸಮುದ್ರ ಒಡ್ಡು ದಾಟಿ ಚಾಪೆಯ ತುದಿ ನೆನೆಸಿತು. ಅವರು ಸೀರೆಯ ಸೆರಗಿನಿಂದ ತಟ್ಟೆ ಒರೆಸಿ, ಕೈಮುಗಿದು, ತುಟಿಯಲ್ಲೇ ಏನೋ ಹೇಳಿಕೊಂಡು ಸೂರ್ಯನ ಕಡೆ ನೋಡಿದರು. ಸಮುದ್ರದ ಮೇಲೆ ಅವನಿನ್ನೂ ಪೂರ್ತಿ ಇದ್ದ.

"ಏಳುತ್ತೇನೆ," ಎಂದರು.

ಮಗನೂ ಅಧಿಕಾರಿಯೂ ಕೈಗೆ ಕೈ ಕೊಟ್ಟು ಅವರನ್ನು ಎತ್ತಿಕೊಂಡು ಮೊಣಕಾಲು ನೀರಿನಲ್ಲಿ ನಡೆದರು. ನಾನು ಹಿಂದಿನಿಂದ ಚಾಪೆ, ಕುಕ್ಕರು ಹೊತ್ತು ಏಣಿ ಹತ್ತಿದೆ. ತಂಡೇಲ ನನ್ನ ಮುಖ ನೋಡಲಿಲ್ಲ. ಎಂಜಿನ್ ಹಿಂದಕ್ಕೆ ಹಾಕಿ, ಬೋಟನ್ನು ಆಳದ ನೀರಿಗೆ ತಿರುಗಿಸಿದ. ಸೂರ್ಯ ಇಳಿದ ಮೇಲೆ ಜೇಬಿನಿಂದ ಖರ್ಜೂರ ತೆಗೆದು ಬಾಯಿಗಿಟ್ಟುಕೊಂಡು, ಇನ್ನೊಂದನ್ನು ನನ್ನ ಕಡೆಗೂ ಚಾಚಿದ.

ಆಗಲೇ ನನಗೂ ಹಸಿವು ಗೊತ್ತಾದದ್ದು. ಕುಕ್ಕರಿನ ತಳದಲ್ಲಿ ಸ್ವಲ್ಪ ಖಿಚಡಿ ಇತ್ತು. ಜೈನರ ಅಡುಗೆಯನ್ನು ಬಡಿಸುವ ಮೊದಲು ನಾವು ರುಚಿ ನೋಡುವುದಿಲ್ಲ. ಹೆಂಡತಿ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು.

"ಹ್ವಾಯ್, ಉಪ್ಪ್ ಹಾಕಿರ್ಯಾ?"

ನಾನೂ ತಿಂದೆ. ಒಂದು ಹರಳು ಉಪ್ಪಿಲ್ಲ. ನೂರು ಜನರ ಸಾರಿಗೆ ಕೈಯಳತೆಯಲ್ಲೇ ಉಪ್ಪು ಹಾಕುವವನು ನಾನು.

ಎದ್ದು ಅಜ್ಜಿಯ ಹತ್ತಿರ ಹೋದೆ. ಮಗನ ಭುಜಕ್ಕೆ ಒರಗಿ ಕೂತಿದ್ದರು. ತುಟಿಗೆ ಬಣ್ಣ ಬಂದಿತ್ತು. "ಬಾ, ಖಿಚಡಿಗೆ ಉಪ್ಪೇ ಇರಲಿಲ್ಲ. ಒಂದು ಮಾತು ಹೇಳಬಾರದಿತ್ತೇ?"

ಅಜ್ಜಿ ಸುತ್ತಲಿನ ಸಮುದ್ರಕ್ಕೆ ಕೈ ತೋರಿಸಿದರು.

"ಹೇಳಿದ್ದರೆ ನೀನು ಉಪ್ಪು ಹುಡುಕಲು ಹೋಗುತ್ತಿದ್ದೆ ಮಹಾರಾಜ್. ಅದು ತಾನೇ ನಡೆದು ಬರುತ್ತಿತ್ತಲ್ಲ!"